ಈಜಿಪ್ಟಿನವರ ಕಾಳು ಅವರ ಹೊಲ ಬಿಟ್ಟ ಕತೆ

ಇಂಗ್ಲಿಷಿನಲ್ಲಿ ಬ್ರಾಡ್ ಬೀನ್ಸ್ ಅಂದರೆ ನಮ್ಮ ಕಡೆ ಚಪ್ಪರದವರೆ ಅಂತ್ಲೇ ತಿಳ್ಕೊಳ್ತಾರೆ. ಅದಲ್ಲ. ಅವರೆಯ ಮೂಲ ಆಫ್ರಿಕಾ. ನಾವು ಬೀನ್ಸ್ ಅಂತ ಮಾರೋ ಹುರುಳಿಕಾಯಿ ಅಮೆರಿಕದಿಂದ ಬಂದದ್ದು. ಈ ಬ್ರಾಡ್ ಬೀನ್ಸು ಬೇರೆಯೇ ಜಾತಿ, ಫಾಬಾ ಅಂತ ಹೆಸರು. ಉತ್ತರ ಭಾರತದಲ್ಲಿ ಬಾಕಲಾ ಅಂತಾರೆ. ಬಳ್ಳಿ ಹಬ್ಬಲ್ಲ, ಗಿಡ ನೆಟ್ಟಗೆ ನಿಲ್ಲುತ್ತೆ. ಚಳಿಗಾಲದ ಬೆಳೆ, ಬಿಸಿಲು ಏರಿದರೆ ಹೂ ಉದುರಿಸುತ್ತೆ.

ಇದರ ಕಾಡುಗಿಡ ಇವತ್ತಿಗೂ ಎಲ್ಲೂ ಸಿಕ್ಕಿಲ್ಲ. ಇಸ್ರೇಲಿನ ಕಾರ್ಮೆಲ್ ಬೆಟ್ಟದಲ್ಲಿ ಸುಮಾರು 14,000 ವರ್ಷ ಹಿಂದಿನ ಸುಟ್ಟ ಕಾಳು ಸಿಕ್ಕಿವೆ. ಅದೇ ಸೀಮೆಯ ಗೆಲಿಲೀ ಕಡೆ 10,000 ವರ್ಷದ ಹಿಂದೆಯೇ ಬಿತ್ತಿ ಬೆಳೀತಿದ್ರು. ಕೊಲಂಬಸ್ ಅಮೆರಿಕಕ್ಕೆ ಹೋಗೋ ಮುಂಚೆ ಯುರೋಪಿನವರಿಗೆ ಬೀನ್ ಅಂದ್ರೆ ಮುಖ್ಯವಾಗಿ ಇದೇ.

ಆದರೆ ಇದನ್ನು ದಿನಾ ತಿನ್ನೋ ಜನ ಅಂದ್ರೆ ಈಜಿಪ್ಟಿನವರು. ನಮಗೆ ಮುದ್ದೆ-ಸಾರು ಹೇಗೋ ಅವರಿಗೆ 'ಫೂಲ್' ಹಾಗೆ. ಕಿರಿದಾದ ಕತ್ತಿನ ಗಡಿಗೇಲಿ ಕಾಳು ಹಾಕಿ, ಸಣ್ಣ ಉರಿಯಲ್ಲಿ ರಾತ್ರಿಯಿಡೀ ಬೇಯಿಸಿ, ಬೆಳಿಗ್ಗೆ ಎಣ್ಣೆ, ನಿಂಬೆರಸ, ಜೀರಿಗೆ ಹಾಕಿ ರೊಟ್ಟಿ ಜೊತೆ ತಿಂತಾರೆ. ಬಡವರಿಗೆ ಅದೇ ಮಾಂಸ. ಅಂಥ ದೇಶ ಈಗ ತಿನ್ನೋ ಫಾಬಾದಲ್ಲಿ ಬಹುಪಾಲನ್ನು ಹಡಗಲ್ಲಿ ತರಿಸ್ಕೊಳ್ಳುತ್ತೆ.

ಯಾಕೆ ಹಿಂಗಾಯ್ತು ಅನ್ನೋದೇ ನಾವು ನೋಡಬೇಕಾದ್ದು. ಮೊದಲನೇದು ಒರೊಬಾಂಕಿ ಅನ್ನೋ ಕಳೆ. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನವರಿಗೆ ಇದರ ಸಂಬಂಧಿಯ ಕಾಟ ಗೊತ್ತು. ಇದಕ್ಕೆ ಹಸಿರೆಲೆ ಇಲ್ಲ, ಬೆಳೆಯ ಬೇರಿಗೇ ಅಂಟಿ ರಸ ಹೀರುತ್ತೆ. ನೆಲದ ಮೇಲೆ ಕಾಣೋ ಹೊತ್ತಿಗೆ ನಷ್ಟ ಆಗಿಹೋಗಿರುತ್ತೆ. ಒಂದು ಗಿಡದಿಂದ ಲಕ್ಷಗಟ್ಟಲೆ ಧೂಳಿನಂಥ ಬೀಜ, ಹತ್ತು ವರ್ಷ ಕಳೆದರೂ ಮಣ್ಣಲ್ಲಿ ಜೀವ ಹಿಡಿದಿರುತ್ತವೆ. ಗೀಜಾ 402 ಅನ್ನೋ ತಡೆದುಕೊಳ್ಳೋ ತಳಿ ಬಂತು, ಸ್ವಲ್ಪ ಉಸಿರಾಡಿದರು.

ಆಮೇಲೆ 1991-92ರ ಹಂಗಾಮು. ನೈಲ್ ನದಿ ದಂಡೆಯ ಬೇನಿ ಸುಯೇಫ್, ಮಿನ್ಯಾ ಕಡೆ ಗಿಡಗಳು ಹಳದಿ ತಿರುಗಿ ಒಣಗಿದವು. ವೈರಸ್ ರೋಗ. ಅಲ್ಲಿ ಫಸಲೇ ಕೈಬಿಟ್ಟು ಹೋಯ್ತು. ಹರಡಿದ್ದು ಯಾರು ಅಂದ್ರೆ, ನಮ್ಮ ಅವರೆ, ಅಲಸಂದೆ ಕುಡೀಲಿ ಮುತ್ತಿಕೊಳ್ಳುತ್ತಲ್ಲ, ಅದೇ ಕಪ್ಪು ಹೇನು! ಇದರ ಜೊತೆಗೆ ಗೋಧಿ ಮತ್ತು ದನದ ಮೇವಿನ ಬರ್ಸೀಮ್ ಅದೇ ಚಳಿಗಾಲದ ಜಮೀನಿಗೆ ಪೈಪೋಟಿ. ಇಷ್ಟು ತಾಪತ್ರಯದ ಫಾಬಾ ಯಾರು ಹಾಕ್ತಾರೆ? ನನ್ನ ಕೇಳಿದ್ರೆ ರೈತರದ್ದು ತಪ್ಪಲ್ಲ.

ಖಾಲಿಯಾದ ಜಾಗ ತುಂಬಿದವರು ಆಸ್ಟ್ರೇಲಿಯಾ, ಇಂಗ್ಲೆಂಡ್, ಫ್ರಾನ್ಸಿನವರು. ಆಸ್ಟ್ರೇಲಿಯಾದಲ್ಲಿ 1980ರ ಸುಮಾರಿಗಷ್ಟೇ ಇದು ವ್ಯಾಪಾರಿ ಬೆಳೆ ಆದದ್ದು. ಬೆಳೆದವರ ಮನೇಲಿ ತಿನ್ನೋದು ಕಮ್ಮಿ, ಗೋಧಿ ನಡುವೆ ನೆಲಕ್ಕೆ ಸಾರಜನಕ ಸಿಗಲಿ ಅಂತ ಹಾಕ್ತಾರೆ. 2016ರ ನವೆಂಬರ್‌ನಲ್ಲಿ ಈಜಿಪ್ಟಿನ ಪೌಂಡಿನ ಬೆಲೆ ಹೆಚ್ಚುಕಮ್ಮಿ ಅರ್ಧಕ್ಕೆ ಬಿದ್ದಾಗ, ಬೀದಿ ಗಾಡಿಯ ಫೂಲ್ ಕೂಡ ದುಬಾರಿಯಾಯ್ತು. ಡಾಲರಲ್ಲಿ ಕೊಳ್ಳೋ ಕಾಳಲ್ವಾ.

ಇಂಗ್ಲೆಂಡಿನವರಿಗೂ ಸುಖ ಇಲ್ಲ. ಹೊಲದಲ್ಲೇ ಕಾಯಿಗೆ ಮೊಟ್ಟೆ ಇಡೋ ದುಂಬಿ ಕಾಳು ಕೊರೆಯುತ್ತೆ. ತೂತು ಬಿದ್ದ ಕಾಳನ್ನ ಈಜಿಪ್ಟಿನ ವ್ಯಾಪಾರಿ ಊಟಕ್ಕೆ ಒಪ್ಪಲ್ಲ. ಅದು ದನದ ಮೇವಿನ ರೇಟಿಗೆ ಹೋಗುತ್ತೆ.