ಬರೆದವರೇ ಮಾರಿದರೆ?

ಕಾಲೇಜಿನ ದಿನಗಳ ಒಂದು ಪುಸ್ತಕ ಇನ್ನೂ ನಮ್ಮ ಕಪಾಟಿನಲ್ಲಿದೆ. ಬರೆದವರು ನಮಗೆ ಪಾಠ ಮಾಡುತ್ತಿದ್ದ ಉಪನ್ಯಾಸಕರು. "ಎಲ್ಲರೂ ಕೊಳ್ಳಲೇಬೇಕು" ಎಂದಿದ್ದರು. ಹಾಜರಿ ಪುಸ್ತಕ ಅವರ ಕೈಯಲ್ಲಿತ್ತು, ಹಾಗಾಗಿ ಬಸ್ಸಿನ ದುಡ್ಡು ಉಳಿಸಿ ಕೊಂಡೆವು. ಪುಸ್ತಕವೇನೂ ಕೆಟ್ಟದ್ದಾಗಿರಲಿಲ್ಲ. ಆದರೂ ಮನಸ್ಸಿಗೆ ಇರಿಸುಮುರಿಸು. ಮಾಷ್ಟ್ರು ಪುಸ್ತಕ ಬರೆಯುವುದು ತಪ್ಪೇ?

ನಮ್ಮ ಊರಿನ ಚರಿತ್ರೆ ನೋಡಿದರೆ ಖಂಡಿತ ಅಲ್ಲ. ಐಗಳ ಮಠದಲ್ಲಿ ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದುತ್ತಿದ್ದರು. ಕೊಳ್ಳುವ ಮಾತೇ ಇರಲಿಲ್ಲ. 1841ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನ್ ಮುದ್ರಣಾಲಯ ಶುರುವಾಯಿತು. ಅಚ್ಚಿನ ಪುಸ್ತಕ ಬಂದ ಮೇಲೆ ಅದನ್ನು ಬರೆಯುವವರು ಬೇಕಾದರು. ಕಾಸರಗೋಡು ಆಗ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತು. ಮಕ್ಕಳಿಗಾಗಿ ಕಥೆ, ಪದ್ಯ, ಪಾಠ ಬರೆದ ಪಂಜೆ ಮಂಗೇಶರಾಯರು (1874-1937) ಶಿಕ್ಷಕರೂ ಹೌದು, ಶಾಲಾ ಇನ್‌ಸ್ಪೆಕ್ಟರರೂ ಹೌದು. ಪೆರಡಾಲದ ನವಜೀವನ ಹೈಸ್ಕೂಲಿನಲ್ಲಿ ಪಾಠ ಮಾಡಿದ ಕಯ್ಯಾರ ಕಿಞ್ಞಣ್ಣ ರೈಗಳು (1915-2015) 'ನವೋದಯ ವಾಚನ ಮಾಲೆ' ಎಂಬ ಪಾಠಪುಸ್ತಕಗಳನ್ನು ಬರೆದರು. ತರಗತಿಯಲ್ಲಿ ಮಕ್ಕಳ ಮುಖ ನೋಡಿದವರಿಗಲ್ಲದೆ ಇನ್ಯಾರಿಗೆ ಈ ಕೆಲಸ ಒಗ್ಗೀತು?

ದೂರದ ಬಂಗಾಳದ್ದೊಂದು ಉದಾಹರಣೆ ನೋಡಿ. ಈಶ್ವರಚಂದ್ರ ವಿದ್ಯಾಸಾಗರರು 1851ರಲ್ಲಿ ಕಲ್ಕತ್ತೆಯ ಸಂಸ್ಕೃತ ಕಾಲೇಜಿನ ಪ್ರಿನ್ಸಿಪಾಲರಾದರು. ಸ್ವಂತ ಮುದ್ರಣಾಲಯ ಮೊದಲೇ ಇತ್ತು. 1855ರಲ್ಲಿ ಶಾಲೆಗಳ ಇನ್‌ಸ್ಪೆಕ್ಟರ್ ಹುದ್ದೆಯೂ ಬಂತು. ಮಕ್ಕಳಿಗೆ ಅಕ್ಷರ ಕಲಿಸುವ 'ವರ್ಣಪರಿಚಯ' ಹೊರಬಂದದ್ದೂ ಅದೇ ವರ್ಷ. ಬರೆಯುವುದು, ಅಚ್ಚು ಹಾಕುವುದು, ಶಾಲೆ ನೋಡಿಕೊಳ್ಳುವುದು ಎಲ್ಲ ಒಬ್ಬರದೇ! ಪುಸ್ತಕದ ಹಣವನ್ನು ಅವರು ದಾನಕ್ಕೆ ಧಾರಾಳವಾಗಿ ಬಳಸಿದರು. ಆದರೆ ಎಲ್ಲರೂ ವಿದ್ಯಾಸಾಗರರಾಗುವುದುಂಟೇ? ಆದ್ದರಿಂದಲೇ ಬರೆಯುವವರು ಬೇರೆ, ಆರಿಸುವವರು ಬೇರೆ ಆಗಿರಬೇಕು.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಇಂದು ನಮ್ಮ ಕನ್ನಡ ಮಾಧ್ಯಮದ ಪಾಠಪುಸ್ತಕಗಳನ್ನು ಕೇರಳದ ಎಸ್.ಸಿ.ಇ.ಆರ್.ಟಿ. ಸಿದ್ಧಪಡಿಸುತ್ತದೆ. ಗಣಿತ, ವಿಜ್ಞಾನ, ಸಮಾಜ ಪುಸ್ತಕಗಳನ್ನು ಕನ್ನಡಕ್ಕೆ ತರಲು ಕಾರ್ಯಾಗಾರದಲ್ಲಿ ಕೂರುವವರು ನಮ್ಮ ಶಿಕ್ಷಕರೇ. ಪುಸ್ತಕದಲ್ಲಿ ಅವರ ಹೆಸರಿರುತ್ತದೆ, ಆದರೆ ಮಾರಾಟದ ಲಾಭ ಅವರಿಗಿಲ್ಲ. ಎಂಟನೇ ತರಗತಿವರೆಗಿನ ಮಕ್ಕಳಿಗಂತೂ ಪುಸ್ತಕ ಉಚಿತ. ಮಾಷ್ಟ್ರ ವಿದ್ಯೆಯೂ ಉಳಿಯಿತು, ಮಕ್ಕಳ ಜೇಬೂ ಉಳಿಯಿತು.

ಕಾಲೇಜಿನ ಪುಸ್ತಕ, ಗೈಡು, ಪ್ರಶ್ನೋತ್ತರ ಮಾಲೆಗಳ ವಿಷಯ ಬೇರೆ. ಕನ್ನಡದಲ್ಲಿ ಅವು ಸಿಗುವುದೇ ಕಡಿಮೆ, ಆದ್ದರಿಂದ ನಾವು ಬರೆಯಲೇಬೇಕು. ಆದರೆ ಅಂಕ ಹಾಕುವ ಕೈ ಹಣ ಎಣಿಸಬಾರದು. ಬರೆದವರು ಎರಡು ಪ್ರತಿ ಲೈಬ್ರರಿಯಲ್ಲಿಟ್ಟು, "ಬೇಕಾದವರು ಓದಿ" ಎಂದರೆ ಸಾಕು. ಒಳ್ಳೆಯ ಪುಸ್ತಕವನ್ನು ಮಕ್ಕಳೇ ಹುಡುಕಿಕೊಂಡು ಬರುತ್ತಾರೆ.

ನಮ್ಮ ಕಪಾಟಿನ ಆ ಪುಸ್ತಕವೂ ಹಾಗೆ ಬಂದಿದ್ದರೆ ಎರಡನೆಯ ಸಲ ಓದುತ್ತಿದ್ದೆವೋ ಏನೋ...