ಕೈಗೆ ಬಂದ ಕಸುಬು, ಕೈಗೂಡದ ಉದ್ಯಮ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ತರುಣರು ಐ.ಟಿ.ಐ.ಗಳಲ್ಲಿಯೂ ಪಾಲಿಟೆಕ್ನಿಕ್‌ಗಳಲ್ಲಿಯೂ ಫಿಟ್ಟರ್, ವೆಲ್ಡರ್, ಎಲೆಕ್ಟ್ರೀಷಿಯನ್ ಮೊದಲಾದ ಕೆಲಸಗಳನ್ನು ಕಲಿತು ಹೊರಬರುತ್ತಾರೆ. ಹಾಗೆ ಬಂದವರಲ್ಲಿ ಹೆಚ್ಚಿನವರ ದೃಷ್ಟಿ ಸಂಬಳದ ಕಡೆಗೇ ಹರಿಯುತ್ತದೆ; ಸ್ವಂತ ವರ್ಕ್‌ಶಾಪು ತೆರೆಯುವ ಸಂಕಲ್ಪ ಮಾಡುವವರು ವಿರಳ. ಹಿರಿಯರು ಇದನ್ನು ಆಲಸ್ಯವೆಂದು ಕರೆದು ಸುಮ್ಮನಾಗುವುದುಂಟು. ಈ ನಾಡಿನ ಹಿಂದಿನ ಸ್ಥಿತಿಯನ್ನು ಅರಿತವರು ಹಾಗೆ ಹೇಳಲಾರರು.

1948ರ ಸೆಪ್ಟೆಂಬರಿನವರೆಗೆ ಈ ಪ್ರದೇಶವು ನಿಜಾಮರ ರಾಜ್ಯದಲ್ಲಿತ್ತು. ಕೊಪ್ಪಳ, ಯಲಬುರ್ಗಾಗಳು ಸಾಲಾರ್ ಜಂಗರ ಜಹಗೀರಿಗೆ ಸೇರಿದ್ದವು. 1918ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಭಾಷೆ ಉರ್ದು. ಕನ್ನಡ ಮನೆಮಾತಿನ ಒಕ್ಕಲು ಮಕ್ಕಳಿಗೆ ಉಚ್ಚ ಶಿಕ್ಷಣವು ಎರಡು ಪಾಲು ದೂರ: ಊರಿನಿಂದಲೂ ದೂರ, ಭಾಷೆಯಿಂದಲೂ ದೂರ. ಇದರ ಮೇಲೆ ಮಳೆಯನ್ನೇ ನಂಬಿದ ಎರೆ ಮತ್ತು ಮಸಾರಿ ಭೂಮಿ. ಜೋಳ, ಸಜ್ಜೆ ಕೈಗೆ ಬಂದರೆ ಬಂದಿತು, ಇಲ್ಲವಾದರೆ ಇಲ್ಲ. ಇಂಥ ಮನೆಯಲ್ಲಿ ತಿಂಗಳ ಮೊದಲ ದಿನ ತಪ್ಪದೆ ಬರುವ ಸಂಬಳವು ಬರಗಾಲಕ್ಕೆ ಕಟ್ಟಿದ ಒಡ್ಡಿನಂತೆ ತೋರಿದರೆ ಆಶ್ಚರ್ಯವೇನು? ತಂದೆಯಾದವನು ಮಗನಿಗೆ ನೌಕರಿ ಹಿಡಿ ಎಂದದ್ದು ಅನುಭವದ ಮಾತು.

ಹಾಗೆಂದು ಕಸುಬು ಇಲ್ಲಿ ಇರಲಿಲ್ಲವೆ? ಇತ್ತು. ಕೊಪ್ಪಳದ ಸಮೀಪದ ಕಿನ್ನಾಳದ ಚಿತ್ರಗಾರ ಮನೆತನಗಳು ಹಗುರ ಮರದಲ್ಲಿ ಗೊಂಬೆಗಳನ್ನೂ ದೇವತಾ ಮೂರ್ತಿಗಳನ್ನೂ ಕೆತ್ತಿ, ಹುಣಸೆ ಬೀಜದ ಅಂಟನ್ನು ಬಳಸಿ, ಬಣ್ಣ ಹಚ್ಚಿ ನಿಲ್ಲಿಸುವ ವಿದ್ಯೆಯನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದಿವೆ. ಅಲ್ಲಿ ಮಗುವಿಗೆ ಪಾಠಪಟ್ಟಿ ಇಲ್ಲ. ಅಂಟು ಕುದಿಯುವುದನ್ನು ನೋಡುತ್ತದೆ. ಗಿರಾಕಿ ಬಂದು ಬೆಲೆ ಕಟ್ಟುವುದನ್ನೂ ಕೇಳುತ್ತದೆ. ಕೈಯ ಕೆಲಸ, ಕೊಳ್ಳುವವನ ಮರ್ಜಿ, ಹಣದ ಲೆಕ್ಕ, ಈ ಮೂರೂ ಒಂದೇ ಪಡಸಾಲೆಯಲ್ಲಿ ಕಲಿತು ಬರುತ್ತವೆ. ಆದರೆ ಆ ಪಡಸಾಲೆಯ ಬಾಗಿಲು ಹುಟ್ಟಿದವರಿಗೆ ಮಾತ್ರ ತೆರೆದದ್ದು. ಶರಣರು ಕಾಯಕವನ್ನು ಹುಟ್ಟಿನ ಕೀಳರಿಮೆಯಿಂದ ಬಿಡಿಸಿದ ನಾಡಿನಲ್ಲಿಯೂ ಕಸುಬಿನ ಶಿಕ್ಷಣ ಬಹುಕಾಲ ಕುಲದ ಕಟ್ಟಿನೊಳಗೇ ಉಳಿಯಿತು.

ಆ ಬಾಗಿಲನ್ನು ಎಲ್ಲರಿಗೂ ತೆರೆಯುವ ಯತ್ನವು ಹಳೆಯ ಮೈಸೂರಿನಲ್ಲಿ ನಡೆಯಿತು. ಸರ್ ಎಂ. ವಿಶ್ವೇಶ್ವರಯ್ಯನವರು 1923ರಿಂದ 1929ರವರೆಗೆ ಭದ್ರಾವತಿಯ ಕಬ್ಬಿಣ ಕಾರ್ಖಾನೆಯ ಅಧ್ಯಕ್ಷರಾಗಿದ್ದರು. ಆ ಸೇವೆಗೆ ತಮಗೆ ಸಲ್ಲಬೇಕಾದ ಹಣವನ್ನು ಅವರು ಸ್ವಂತಕ್ಕೆ ತೆಗೆದುಕೊಳ್ಳಲಿಲ್ಲ. ಯುವಕರಿಗೆ ಕಸುಬು ಕಲಿಸುವ ಸಂಸ್ಥೆಯೊಂದಕ್ಕೆ ವಿನಿಯೋಗವಾಗಲೆಂದರು. ತಮ್ಮ ಹೆಸರನ್ನೂ ಅದಕ್ಕೆ ಇಡಗೊಡಲಿಲ್ಲ. 1943ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅದು ಶ್ರೀ ಜಯಚಾಮರಾಜೇಂದ್ರರ ಹೆಸರನ್ನು ಧರಿಸಿತು. ಆಗ ಸಂಸ್ಥೆಯ ಹೆಸರಿನಲ್ಲಿ ‘ಆಕ್ಯುಪೇಷನಲ್’ ಎಂಬ ಶಬ್ದವಿತ್ತು, ಅಂದರೆ ಬದುಕಿನ ವೃತ್ತಿ. ಮುಂದೆ ಅದು ಪಾಲಿಟೆಕ್ನಿಕ್ ಆಯಿತು. ಹೆಸರಿನ ಈ ಬದಲಾವಣೆ ಅಲ್ಪವೆಂದು ನನಗೆ ತೋರುವುದಿಲ್ಲ. ವೃತ್ತಿಯನ್ನು ಕಲಿಸುವ ಶಾಲೆ ಕ್ರಮೇಣ ಡಿಪ್ಲೊಮಾ ಕೊಡುವ ಶಾಲೆಯಾದಂತೆ, ಕಲಿತವನೂ ಕಸುಬಿನವನಾಗುವ ಬದಲು ಅರ್ಜಿದಾರನಾಗುವುದು ನಾಡಿನಾದ್ಯಂತ ಕಂಡುಬಂದಿತು. ತರಬೇತಿ ಶಾಲೆ ಕೈಯನ್ನು ಪಳಗಿಸಿತು, ಗಿರಾಕಿಯನ್ನು ತೋರಿಸಲಿಲ್ಲ; ಲೇಥ್ ಯಂತ್ರವನ್ನು ತಿರುಗಿಸಲು ಕಲಿಸಿತು, ಅದನ್ನು ಕೊಳ್ಳಲು ಸಾಲ ತರುವ ಬಗೆಯನ್ನು ಕಲಿಸಲಿಲ್ಲ.

ಪಾಠಶಾಲೆ ಕಲಿಸದಿದ್ದ ಈ ವಿಷಯವನ್ನು ಗಂಗಾವತಿಯ ಕಾಲುವೆ ಸೀಮೆಯು ಬೇರೊಂದು ರೀತಿಯಲ್ಲಿ ಕಲಿಸಿತು. 1953ರಲ್ಲಿ ತುಂಗಭದ್ರೆಯ ನೀರು ಹರಿಯತೊಡಗಿದ ಮೇಲೆ ಎಡದಂಡೆಯ ಕೆಳಗಿನ ನೆಲಕ್ಕೆ ಕರಾವಳಿ ಆಂಧ್ರದ ರೈತರು ಬಂದು ಭೂಮಿ ಕೊಂಡರು, ಕ್ಯಾಂಪುಗಳನ್ನು ಕಟ್ಟಿದರು. ಅವರು ಕೃಷ್ಣಾ, ಗೋದಾವರಿ ನಾಲೆಗಳ ಬದಿಯಲ್ಲಿ ಹುಟ್ಟಿ ಬೆಳೆದವರು. ಅವರಿಗೆ ಭತ್ತ ಗೊತ್ತಿತ್ತು. ಬಂಡವಾಳ ಹಾಕಿ ಫಸಲಿನವರೆಗೆ ಕಾಯುವುದು ಗೊತ್ತಿತ್ತು. ಸಾಲ ಕೊಡುವ ಬಂಧುಗಳೂ ಇದ್ದರು. ಒಣಬೇಸಾಯದವರಾದ ನಮ್ಮವರಲ್ಲಿ ಅನೇಕರು ಮೊದಲಿಗೆ ನೀರಿಗೇ ಅಂಜಿ ಹೊಲ ಮಾರಿದರು. ಕಾಲುವೆ ಇಬ್ಬರಿಗೂ ಒಂದೇ. ಕಂಡ ಅನುಭವ ಮಾತ್ರ ಬೇರೆ. ಕಾಲಕ್ರಮದಲ್ಲಿ ಸ್ಥಳೀಯರೂ ನೋಡಿ ಕಲಿತರು. ಗಂಗಾವತಿ, ಕಾರಟಗಿಗಳು ಅಕ್ಕಿ ಗಿರಣಿಗಳ ಊರುಗಳಾದವು. ಮರಳಿಯಂಥ ಹಳ್ಳಿಯ ಹುಡುಗನೊಬ್ಬನು ಇಂದು ಐ.ಟಿ.ಐ. ಸೇರುವಾಗ ಮೋಟಾರು ಸುಟ್ಟರೆ ನಿಲ್ಲುವ ಗಿರಣಿ, ಸುಗ್ಗಿಯಲ್ಲಿ ಕೆಡುವ ಭತ್ತದ ಕಟಾವು ಯಂತ್ರ, ತುರ್ತಿನಲ್ಲಿ ಬರುವ ಗಿರಾಕಿ, ಇವನ್ನೆಲ್ಲ ಕಣ್ಣಾರೆ ಕಂಡೇ ಸೇರುತ್ತಾನೆ. ಕುಷ್ಟಗಿಯ ಒಣಭೂಮಿಯ ಹುಡುಗನಿಗೆ ಅದೇ ಪಾಠ, ಅದೇ ಪ್ರಮಾಣಪತ್ರ. ಆದರೆ ಆ ನೋಟವಿಲ್ಲ. ಇಬ್ಬರ ಆಕಾಂಕ್ಷೆಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ಮಠಗಳ ಪ್ರಸಾದ ನಿಲಯಗಳಲ್ಲಿ ಉಂಡು ಓದಿದವರು ಈ ಪತ್ರಿಕೆಯ ವಾಚಕರಲ್ಲಿ ಬಹುಮಂದಿ ಇದ್ದಾರೆ. ಆ ಅನ್ನದ ಋಣ ತೀರುವಂಥದಲ್ಲ. ಆದರೂ ಒಂದು ಮಾತನ್ನು ಹೇಳಲೇಬೇಕು: ನಮ್ಮ ನಿಲಯಗಳು ಶಿಕ್ಷಕರನ್ನು, ವಕೀಲರನ್ನು, ಅಧಿಕಾರಿಗಳನ್ನು ಹೆಚ್ಚಾಗಿ ಕೊಟ್ಟವು, ಕಾರ್ಯಾಗಾರದ ಒಡೆಯರನ್ನು ಕಡಮೆ ಕೊಟ್ಟವು. ತುಮಕೂರಿನ ಸಿದ್ಧಗಂಗಾ ಮಠವು 1963ರಲ್ಲಿ ತಾಂತ್ರಿಕ ಮಹಾವಿದ್ಯಾಲಯವನ್ನು ತೆರೆದದ್ದು ಇಲ್ಲಿ ಸ್ಮರಣೀಯ. ಆದರೆ ಓದು ಮುಗಿದ ಮೇಲೆ ಮೊದಲ ಬಂಡವಾಳ ಯಾರು ಕೊಟ್ಟಾರು ಎಂಬ ಪ್ರಶ್ನೆ ಉಳಿದೇ ಇತ್ತು.

ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡದ್ದು 1982ರಲ್ಲಿ ಉಜಿರೆಯಲ್ಲಿ ಹುಟ್ಟಿದ ರುಡ್‌ಸೆಟ್ ಸಂಸ್ಥೆ. ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳನ್ನು ಜೊತೆಗೂಡಿಸಿಕೊಂಡು ಕಟ್ಟಿದ ಈ ವ್ಯವಸ್ಥೆಯಲ್ಲಿ ಊಟ ವಸತಿಯೊಡನೆ ಕೆಲವೇ ವಾರಗಳ ಉಚಿತ ತರಬೇತಿ. ಕಸುಬಿನ ಜೊತೆಗೆ ಲೆಕ್ಕ, ಮಾರುಕಟ್ಟೆ, ಬ್ಯಾಂಕಿನ ವ್ಯವಹಾರ. ತರಬೇತಿ ಮುಗಿದ ಮೇಲೂ ಅಭ್ಯರ್ಥಿಯ ಕೈಬಿಡದೆ, ಅವನು ಸಾಲ ಪಡೆದನೆ, ಅಂಗಡಿ ತೆರೆದನೆ, ಎಲ್ಲಿ ಎಡವಿದನೆಂದು ವಿಚಾರಿಸುವುದು ಅದರ ವಿಶೇಷ. ಮೂರು ವರ್ಷದ ಡಿಪ್ಲೊಮಾ ಮಾಡದ ಕೆಲಸವನ್ನು ಈ ವಿಚಾರಣೆ ಮಾಡುತ್ತದೆ ಎಂಬುದು ನನ್ನ ಅಭಿಪ್ರಾಯ. 2009ರಿಂದ ಕೇಂದ್ರ ಸರಕಾರವು ಇದೇ ಮಾದರಿಯಲ್ಲಿ ಜಿಲ್ಲೆಗೊಂದು ಸಂಸ್ಥೆ ಎಂಬ ಯೋಜನೆಯನ್ನು ಬ್ಯಾಂಕುಗಳ ಮೂಲಕ ಕೈಗೊಂಡಿತು.

ಇತ್ತ ನಮ್ಮ ಜಿಲ್ಲೆಯ ಭಾನಾಪುರದಲ್ಲಿ 2021ರ ಜನವರಿಯಲ್ಲಿ ಆಟಿಕೆ ತಯಾರಿಕೆಯ ಕೈಗಾರಿಕಾ ಸಮುಚ್ಚಯಕ್ಕೆ ಶಂಕುಸ್ಥಾಪನೆಯಾಯಿತು. ಗೊಂಬೆಯ ಕಿನ್ನಾಳವೂ ಇದೇ ಜಿಲ್ಲೆಯದು. ಅಂಥ ಕಾರ್ಖಾನೆಯೊಳಗೆ ನಮ್ಮ ಹುಡುಗರಿಗೆ ಸಂಬಳ ದೊರೆಯಬಹುದು. ಅದರ ಹೊರಗೆ ಅಚ್ಚು ತಯಾರಿಸಿ ಕೊಡುವ, ಯಂತ್ರ ದುರಸ್ತಿ ಮಾಡುವ, ಪೆಟ್ಟಿಗೆ ಕಟ್ಟಿ ಒದಗಿಸುವ ಸಣ್ಣ ಘಟಕಗಳಿಗೂ ಎಡೆಯುಂಟು. ಆ ಘಟಕಗಳ ಫಲಕದ ಮೇಲೆ ಯಲಬುರ್ಗಾ, ಕುಷ್ಟಗಿಗಳ ಹುಡುಗರ ಹೆಸರು ಬರಬೇಕಾದರೆ, ಅವರು ಐ.ಟಿ.ಐ.ಯಲ್ಲಿ ಓದುತ್ತಿರುವಾಗಲೇ ಒಂದು ಘಟಕದ ಲೆಕ್ಕದ ಪುಸ್ತಕವನ್ನು ಬಿಚ್ಚಿ ನೋಡಿರಬೇಕು, ಒಬ್ಬ ಬ್ಯಾಂಕ್ ಮ್ಯಾನೇಜರನೊಡನೆ ಮಾತನಾಡಿರಬೇಕು.