ಚಿತ್ರಗಾರ ವೆಂಕಟಪ್ಪನವರೂ ಕನ್ನಡನಾಡಿನ ಚಿತ್ರವಿದ್ಯೆಯ ಗುರುಪರಂಪರೆಯೂ

ತುಮಕೂರಿನಿಂದ ಶಿರಾಕ್ಕೆ ಹೋಗುವ ಹೆದ್ದಾರಿಯಲ್ಲಿರುವ ಸೀಬಿಯ ನರಸಿಂಹಸ್ವಾಮಿ ದೇವಾಲಯವು ಕನ್ನಡನಾಡಿನ ಚಿತ್ರಕಲೆಯ ಇತಿಹಾಸವನ್ನು ವಿಚಾರಮಾಡುವವರಿಗೆ ಬಹಳ ಮುಖ್ಯವಾದ ಸ್ಥಳ. ಕಚೇರಿ ಕೃಷ್ಣಪ್ಪನ ಮಕ್ಕಳಾದ ಲಕ್ಷ್ಮೀನರಸಪ್ಪ, ಪುಟ್ಟಣ್ಣ, ನಲ್ಲಪ್ಪ ಎಂಬ ಮೂವರು ಸಹೋದರರು ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಇದನ್ನು ಕಟ್ಟಿಸಿದರೆಂಬುದು ಪ್ರಸಿದ್ಧವಾಗಿದೆ. ದೇವಾಲಯದ ಮುಖಮಂಟಪದ ಮೇಲ್ಛಾವಣಿಯಲ್ಲಿ ರಾಮಾಯಣ, ಮಹಾಭಾರತ, ಭಾಗವತಗಳ ಕಥಾಸನ್ನಿವೇಶಗಳು ಸಾಲುಸಾಲಾಗಿ ಚಿತ್ರಿತವಾಗಿರುವುವು. ಅವುಗಳ ನಡುವೆ ಹೈದರಾಲಿಯ ಆಸ್ಥಾನದ ದೃಶ್ಯವೂ ಸೇರಿದೆ. ಶಿರಾ ನಗರವು ೧೬೮೭ರಲ್ಲಿ ಮೊಗಲರ ವಶವಾಗಿ ಒಂದು ಸುಭೆಯ ರಾಜಧಾನಿಯಾಯಿತು. ೧೭೬೧ರಲ್ಲಿ ಹೈದರನ ಕೈಸೇರಿತು. ಮಧುಗಿರಿ, ಕೊರಟಗೆರೆ, ಪಾವಗಡಗಳಾದರೋ ಪಾಳೆಯಗಾರರ ಗಿರಿದುರ್ಗಗಳ ಸೀಮೆಗಳು. ಇಂತಹ ಗಡಿನಾಡಿನಲ್ಲಿ ಪುರಾಣವೂ ಸಮಕಾಲದ ಚರಿತ್ರೆಯೂ ಒಂದೇ ಛಾವಣಿಯ ಕೆಳಗೆ ಕೂಡಿರುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಆಶ್ಚರ್ಯಪಡಬೇಕಾದ ವಿಷಯ ಬೇರೊಂದಿದೆ. ಗುಡಿಯನ್ನು ಕಟ್ಟಿಸಿದವರ ಹೆಸರು ಜನರ ನಾಲಗೆಯಲ್ಲಿ ನಿಂತಿತು. ಛಾವಣಿಯನ್ನು ಬರೆದವರ ಹೆಸರು ನಿಲ್ಲಲಿಲ್ಲ. ಇದು ಸೀಬಿಯೊಂದರ ಮಾತಲ್ಲ. ಕನ್ನಡನಾಡಿನ ಚಿತ್ರಗಾರರು ಬಹುಕಾಲ ತಮ್ಮ ಹೆಸರನ್ನು ಕೃತಿಯ ಮೇಲೆ ಹಾಕಿದವರಲ್ಲ. ಕವಿಯು ಕಾವ್ಯದ ಆದಿಯಲ್ಲಿ ತನ್ನ ಕುಲವನ್ನೂ ಗುರುವನ್ನೂ ಹೇಳಿಕೊಂಡನು; ಶಿಲ್ಪಿಯು ಅಲ್ಲಲ್ಲಿ ಪೀಠದ ಮೇಲೆ ಹೆಸರನ್ನು ಕೊರೆದನು; ಚಿತ್ರಗಾರನು ಸುಮ್ಮನಿದ್ದನು. ಆದಕಾರಣ ಈ ವಿದ್ಯೆಯ ಚರಿತ್ರೆಯು ಒಬ್ಬ ವ್ಯಕ್ತಿಯ ಜೀವಿತಚರಿತ್ರೆಯಾಗಿ ದೊರೆಯುವುದು ತೀರ ಈಚೆಗೆ. ಹಾಗೆ ದೊರೆಯುವವರಲ್ಲಿ ಅಗ್ರಗಣ್ಯರು ಕೆ. ವೆಂಕಟಪ್ಪನವರು (೧೮೮೬–೧೯೬೫). ಇವರು ಪಾರಂಪರ್ಯದ ಚಿತ್ರಗಾರರ ಮನೆಯಲ್ಲಿ ಹುಟ್ಟಿ ಕಲ್ಕತ್ತೆಯಲ್ಲಿ ಓದಿದವರು. ಇವರನ್ನು ವಂಗದೇಶದ ಪಂಥಕ್ಕೆ ಸೇರಿಸಿ ಮಾತು ಮುಗಿಸುವುದು ವಾಡಿಕೆಯಾಗಿದೆ. ಈ ವಾಡಿಕೆ ಎಷ್ಟರಮಟ್ಟಿಗೆ ಯುಕ್ತವೆಂಬುದೇ ಇಲ್ಲಿಯ ವಿಚಾರ.

ಮೊದಲು ಮನೆಯ ವಿದ್ಯೆ ಎಂತಹದೆಂಬುದನ್ನು ತಿಳಿಯಬೇಕು. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಅಭಿಲಷಿತಾರ್ಥಚಿಂತಾಮಣಿಯಲ್ಲಿ ಚಿತ್ರಲಕ್ಷಣವು ಸವಿಸ್ತಾರವಾಗಿ ನಿರೂಪಿತವಾಗಿದೆ. ಗೋಡೆಯನ್ನು ನುಣುಪುಮಾಡುವ ಕ್ರಮ, ಎಮ್ಮೆಯ ಚರ್ಮವನ್ನು ಬೇಯಿಸಿ ಮಾಡುವ ವಜ್ರಲೇಪ, ಲೇಖನಿಗಳ ಭೇದ, ವರ್ಣಗಳ ಮಿಶ್ರಣ ಮೊದಲಾದ ವಿಷಯಗಳೆಲ್ಲ ಅಲ್ಲಿರುವುವು. ಕನ್ನಡಿಯಲ್ಲಿ ಕಂಡಂತೆ ಸದೃಶವಾಗಿ ಬರೆದದ್ದು ವಿದ್ಧ; ಸಾದೃಶ್ಯವನ್ನು ನೆಚ್ಚದೆ ಕಲ್ಪನೆಯಿಂದ ಬರೆದದ್ದು ಅವಿದ್ಧ; ನೋಡಿದೊಡನೆಯೇ ಶೃಂಗಾರಾದಿ ರಸಗಳನ್ನು ಎಬ್ಬಿಸತಕ್ಕದ್ದು ಭಾವಚಿತ್ರ ಎಂಬ ವಿಭಾಗವೂ ಅಲ್ಲಿ ಉಕ್ತವಾಗಿದೆ. ಮೈಸೂರಿನ ಚಿತ್ರಗಾರನ ಮನೆಯಲ್ಲಿ ಈ ಶಾಸ್ತ್ರವು ಶ್ಲೋಕರೂಪದಲ್ಲಿ ಇರಬೇಕಾಗಿರಲಿಲ್ಲ. ಕೈಗೆ ಬಂದಿದ್ದರೆ ಸಾಕಾಗಿತ್ತು. ಹುಣಸೆಯ ಕಡ್ಡಿಯನ್ನು ಸುಟ್ಟು ಮಾಡಿದ ಇದ್ದಲಿನಿಂದ ಮೊದಲ ರೇಖೆ. ಅಳಿಲಿನ ಕೂದಲಿನ ಕುಂಚ. ಒಡವೆ ಪ್ರಭಾವಳಿಗಳಿಗೆ ಸಫೇದವನ್ನು ಮರದ ಅಂಟಿನೊಡನೆ ಕಲಸಿ ತೆಳುವಾಗಿ ಉಬ್ಬಿಸಿ ಅದರ ಮೇಲೆ ಹಚ್ಚುವ ಚಿನ್ನದ ರೇಕು. ತಂಜಾವೂರಿನ ಚಿತ್ರಗಳಲ್ಲಿ ಈ ಉಬ್ಬು ದಪ್ಪ, ಮೈಸೂರಿನದರಲ್ಲಿ ತೆಳು. ಬಣ್ಣ ಅರೆಯುವುದರಿಂದ ತೊಡಗಿ ಕಣ್ಣು ಬರೆಯುವವರೆಗಿನ ಸಮಸ್ತವನ್ನೂ ಮಗನು ತಂದೆಯ ಪಕ್ಕದಲ್ಲಿ ಕುಳಿತೇ ಕಲಿಯುತ್ತಿದ್ದನು.

ಮುಮ್ಮಡಿ ಕೃಷ್ಣರಾಜ ಒಡೆಯರ (೧೭೯೪–೧೮೬೮) ಆಶ್ರಯದಲ್ಲಿ ಈ ವಿದ್ಯೆಯು ಉನ್ನತಿಗೆ ಬಂದಿತು. ಒಂಬತ್ತು ನಿಧಿಗಳಾಗಿ ವಿಭಕ್ತವಾದ ಶ್ರೀತತ್ತ್ವನಿಧಿಯು ದೇವತೆಗಳ ಧ್ಯಾನಶ್ಲೋಕಗಳನ್ನು ಚಿತ್ರಸಹಿತವಾಗಿ ಕೂಡಿಸಿದ ಮಹಾಗ್ರಂಥ. ಅಲ್ಲಿ ಪಂಡಿತನೂ ಚಿತ್ರಗಾರನೂ ಒಂದೇ ಪುಟದಲ್ಲಿ ಕೆಲಸ ಮಾಡಿರುವರು. ಮುಮ್ಮಡಿಯವರ ಕಾಲಾನಂತರ ಆಶ್ರಯವು ಕ್ಷೀಣಿಸಿತು. ಅಂತಹ ಕಾಲದಲ್ಲಿ, ಅರಮನೆಯ ಚಿತ್ರಗಾರರಾದ ಕೃಷ್ಣಪ್ಪನವರ ಮಗನಾಗಿ ವೆಂಕಟಪ್ಪನವರು ಜನಿಸಿದರು. ಹುಡುಗನ ಕೈಚಳಕವನ್ನು ಮೆಚ್ಚಿದ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯವು ಅವರಿಗೆ ಲಭಿಸಿತು. ಮದರಾಸಿನ ಕಲಾಶಾಲೆಯ ವ್ಯಾಸಂಗದ ತರುವಾಯ ೧೯೦೯ರಲ್ಲಿ ಅವರು ಕಲ್ಕತ್ತೆಯ ಸರಕಾರಿ ಕಲಾಶಾಲೆಯನ್ನು ಸೇರಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ನಂದಲಾಲ ಬಸು, ಅಸಿತಕುಮಾರ ಹಾಲ್ದಾರ್ ಮೊದಲಾದವರು ಅವರ ಸಹಾಧ್ಯಾಯಿಗಳು.

ಆ ಕಾಲದ ಕಲ್ಕತ್ತೆಯಲ್ಲಿ ನಡೆಯುತ್ತಿದ್ದುದು ದೇಶೀಯ ಚಿತ್ರವಿದ್ಯೆಯ ಅನ್ವೇಷಣೆ. ಹ್ಯಾವೆಲ್ ಸಾಹೇಬರು ಅಲ್ಲಿ ಅಧ್ಯಕ್ಷರಾಗಿದ್ದಾಗ ಪಾಶ್ಚಾತ್ಯ ಪ್ರತಿಮೆಗಳ ಅನುಕರಣವನ್ನು ಬಿಡಿಸಿ ವಿದ್ಯಾರ್ಥಿಗಳ ದೃಷ್ಟಿಯನ್ನು ಮೊಗಲ್, ರಾಜಪುತ್ರ ಚಿತ್ರಗಳ ಕಡೆಗೆ ತಿರುಗಿಸಿದ್ದರು. ಅಲ್ಲಿಯ ವಿದ್ಯಾರ್ಥಿಗಳಲ್ಲಿ ಅನೇಕರು ಈ ವಿದ್ಯೆಯನ್ನು ಚಿತ್ರಶಾಲೆಯಿಂದಲೂ ಗ್ರಂಥದಿಂದಲೂ ಹೊಸದಾಗಿ ಸಂಪಾದಿಸಬೇಕಾಗಿತ್ತು. ವೆಂಕಟಪ್ಪನವರಿಗಾದರೋ ಅದು ಪಿತ್ರಾರ್ಜಿತ. ಇತರರು ಹುಡುಕುತ್ತಿದ್ದುದನ್ನು ಅವರು ಬೆರಳಲ್ಲಿ ಇಟ್ಟುಕೊಂಡೇ ಹೋಗಿದ್ದರು. ಕಲ್ಕತ್ತೆಯು ಅವರಿಗೆ ಕೊಟ್ಟದ್ದು ಮೃದುವಾದ ವರ್ಣಲೇಪನದ ಕ್ರಮವನ್ನೂ, ವಿಶಾಲವಾದ ಪರಿಚಯವನ್ನೂ, ಹೆಸರು ಹಾಕಿ ಬರೆಯುವ ಧೈರ್ಯವನ್ನೂ. ಅವರ ರೇಖೆಯ ಬಿಗಿ ಮನೆಯದು.

ಇದಕ್ಕೆ ಪ್ರಬಲವಾದ ಸಾಕ್ಷ್ಯವೊಂದಿದೆ. ಅವನೀಂದ್ರನಾಥರು ಭಾರತೀಯ ಮೂರ್ತಿಗಳ ಅಂಗಲಕ್ಷಣವನ್ನು ಕುರಿತು ಬರೆದ ಕಿರುಗ್ರಂಥವು ೧೯೧೪ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು. ತಾಲಮಾನಗಳು, ಸಮಭಂಗ ಆಭಂಗ ತ್ರಿಭಂಗ ಅತಿಭಂಗಗಳು, ಒಂದೊಂದು ಅವಯವಕ್ಕೂ ಶಾಸ್ತ್ರವು ಹೇಳುವ ಉಪಮಾನ ಇವೇ ಅದರ ವಿಷಯ. ಅದಕ್ಕೆ ರೇಖಾಚಿತ್ರಗಳನ್ನು ಬರೆಯಲು ಗುರುಗಳು ತಮ್ಮ ಶಿಷ್ಯರಲ್ಲಿ ಆರಿಸಿಕೊಂಡವರು ನಂದಲಾಲರು ಮತ್ತು ವೆಂಕಟಪ್ಪನವರು. ಈ ಚಿತ್ರಗಳು ಸಾಹಿತ್ಯದ ಉಪಾಧ್ಯಾಯರಿಗೆ ವಿಶೇಷವಾಗಿ ಗಮನಾರ್ಹವಾಗಿವೆ. ಕುಕ್ಕುಟಾಂಡದಂತಹ ಮುಖ, ಮೀನಿನಂತಹ ಕಣ್ಣು, ಎಳ್ಳಿನ ಹೂವಿನಂತಹ ಮೂಗು, ಶಂಖದಂತಹ ಕೊರಳು, ಆನೆಯ ಸೊಂಡಿಲಿನಂತಹ ತೋಳು, ಬಾಳೆಯ ಕಂಬದಂತಹ ತೊಡೆ ಎಂಬುವುಗಳಲ್ಲಿ ಬಹುಭಾಗ ನಮ್ಮ ಚಂಪೂಕವಿಗಳ ವರ್ಣನೆಗಳಲ್ಲಿ ಪದೇ ಪದೇ ಬರುವುವು. ತರಗತಿಯಲ್ಲಿ ಇವನ್ನು ಕವಿಸಮಯವೆಂದೂ ಹಳಸಿದ ಉಪಮೆಯೆಂದೂ ಹೇಳಿ ದಾಟಿಬಿಡುವುದುಂಟು. ಚಿತ್ರಗಾರನಿಗೆ ಇವು ಅಲಂಕಾರಮಾತ್ರವಲ್ಲ; ಆಕಾರವನ್ನು ನೆನಪಿನಲ್ಲಿ ಹಿಡಿದಿಡುವ ಅಳತೆಗೋಲು. ಕಾವ್ಯದ ಉಪಮಾನವೂ ಚಿತ್ರದ ಪ್ರಮಾಣವೂ ಒಂದೇ ಮೂಲದ ಎರಡು ಕವಲುಗಳೆಂಬುದು ಆ ರೇಖೆಗಳನ್ನು ನೋಡಿದ ಮಾತ್ರಕ್ಕೆ ಸ್ಪಷ್ಟವಾಗುತ್ತದೆ.

ಸೋದರಿ ನಿವೇದಿತೆಯೂ ಆನಂದ ಕುಮಾರಸ್ವಾಮಿಯವರೂ ರಚಿಸಿ ೧೯೧೩ರಲ್ಲಿ ಪ್ರಕಟವಾದ ಹಿಂದೂ ಬೌದ್ಧ ಪುರಾಣಕಥೆಗಳ ಇಂಗ್ಲಿಷ್ ಗ್ರಂಥದಲ್ಲಿಯೂ ವೆಂಕಟಪ್ಪನವರ ರಾಮಾಯಣದ ಚಿತ್ರಗಳು ಸೇರಿವೆ. ಸೀಬಿಯ ಛಾವಣಿಯಲ್ಲಿ ಹೆಸರಿಲ್ಲದ ಕೈ ಬರೆದ ಕಥೆಯನ್ನೇ ಲಂಡನ್ನಿನ ಪುಸ್ತಕದಲ್ಲಿ ಹೆಸರುಳ್ಳ ಚಿತ್ರಗಾರನು ಬರೆದಂತಾಯಿತು.

೧೯೧೬ರಲ್ಲಿ ಕಲ್ಕತ್ತೆಯ ವ್ಯಾಸಂಗವನ್ನು ಮುಗಿಸಿ ಅವರು ಮೈಸೂರಿಗೆ ಹಿಂತಿರುಗಿದರು. ವೀಣೆ ಶೇಷಣ್ಣನವರಲ್ಲಿ ವೀಣೆಯನ್ನು ಅಭ್ಯಾಸಮಾಡಿದರು; ಆ ವ್ಯಸನವನ್ನೇ ವಿಷಯವಾಗಿಟ್ಟುಕೊಂಡು ಚಿತ್ರವನ್ನೂ ಬರೆದರು. ಉದಕಮಂಡಲ, ಕೊಡೈಕಾನಲ್‌ಗಳ ಮಂಜು, ಸರೋವರ, ಬೆಟ್ಟಗಳನ್ನು ಜಲವರ್ಣದಲ್ಲಿ ಬರೆದರು. ಶಕುಂತಲೆ, ಬುದ್ಧ, ತಾಂಡವಶಿವ ಮೊದಲಾದ ವಿಷಯಗಳನ್ನು ಗಾರೆಯ ಉಬ್ಬುಚಿತ್ರಗಳಾಗಿ ನಿರ್ಮಿಸಿದರು. ಗಿರಿಪ್ರದೇಶದ ಚಿತ್ರಗಳು ಪುರಾಣಚಿತ್ರಗಳಿಗಿಂತ ತೀರ ಭಿನ್ನವಾಗಿರುವುದರಿಂದ ಚಿತ್ರಗಾರನು ಮಾರ್ಗವನ್ನು ಬದಲಾಯಿಸಿದನೆಂಬ ಅಭಿಪ್ರಾಯಕ್ಕೆ ಎಡೆಯುಂಟು. ಆದರೆ ಸೋಮೇಶ್ವರನ ವಿಭಾಗವನ್ನು ಸ್ಮರಿಸಿದರೆ ಈ ಭೇದವು ವಿರೋಧವಾಗಲಾರದು. ಒಂದು ವಿದ್ಧ, ಮತ್ತೊಂದು ಭಾವಚಿತ್ರ. ಎರಡನ್ನೂ ಬಲ್ಲವನೇ ಶಾಸ್ತ್ರದೃಷ್ಟಿಯಲ್ಲಿ ಪೂರ್ಣನಾದ ಚಿತ್ರಗಾರನು. ೧೯೪೦ರಲ್ಲಿ ನಾಲ್ವಡಿಯವರು ಸ್ವರ್ಗಸ್ಥರಾದರು. ಬಾಲ್ಯದಿಂದ ಇದ್ದ ಆಶ್ರಯ ತಪ್ಪಿತು. ಅನಂತರ ವೆಂಕಟಪ್ಪನವರು ಬೆಂಗಳೂರಿನಲ್ಲಿ ಏಕಾಂತಜೀವನವನ್ನು ನಡೆಸಿದರು.

ಇಲ್ಲಿ ಗುರುಪರಂಪರೆಯ ಪ್ರಶ್ನೆ ಬರುತ್ತದೆ. ಅವನೀಂದ್ರರ ಶಿಷ್ಯರು ದೇಶದ ನಾನಾ ಭಾಗಗಳಿಗೆ ಗುರುಗಳಾಗಿ ಹೋದರು. ನಂದಲಾಲರು ಶಾಂತಿನಿಕೇತನದಲ್ಲಿಯೂ, ಹಾಲ್ದಾರರು ಲಕ್ನೋದಲ್ಲಿಯೂ, ಸಮರೇಂದ್ರನಾಥ ಗುಪ್ತರು ಲಾಹೋರಿನಲ್ಲಿಯೂ, ದೇವೀಪ್ರಸಾದ ರಾಯಚೌಧುರಿಗಳು ಮದರಾಸಿನಲ್ಲಿಯೂ ಕಲಾಶಾಲೆಗಳನ್ನು ನಡೆಸಿದರು. ವೆಂಕಟಪ್ಪನವರು ಶಾಲೆಯನ್ನು ಕಟ್ಟಲಿಲ್ಲ. ಬೋಧನೆಯ ಭಾರವನ್ನು ಕನ್ನಡನಾಡಿನಲ್ಲಿ ಇತರರು ಹೊತ್ತರು: ಅ. ನ. ಸುಬ್ಬರಾಯರು ೧೯೧೯ರಲ್ಲಿ ಬೆಂಗಳೂರಿನಲ್ಲಿ ಕಲಾಮಂದಿರವನ್ನು ಸ್ಥಾಪಿಸಿದರು, ಡಿ. ವಿ. ಹಾಲಭಾವಿಯವರು ೧೯೩೫ರಲ್ಲಿ ಧಾರವಾಡದಲ್ಲಿ ಕಲಾಶಾಲೆಯನ್ನು ತೆರೆದರು. ಇವುಗಳಿಂದ ಚಿತ್ರವಿದ್ಯೆಯು ಕುಲದ ಎಲ್ಲೆಯನ್ನು ದಾಟಿ ಇಷ್ಟವುಳ್ಳ ಯಾವ ಬಾಲಕನಿಗೂ ದೊರಕುವಂತಾಯಿತು. ಇದು ಮಹತ್ತಾದ ಲಾಭ. ಆದರೆ ತಂದೆಯ ಪಕ್ಕದಲ್ಲಿ ಹತ್ತು ವರ್ಷ ಕುಳಿತು ಪಡೆಯುತ್ತಿದ್ದ ಕೈಯ ಸಂಸ್ಕಾರವು ಗಂಟೆಗಳ ಲೆಕ್ಕದ ಪಾಠದಲ್ಲಿ ಪೂರ್ತಿಯಾಗಿ ಇಳಿಯುವುದು ಕಷ್ಟವೆಂಬುದನ್ನೂ ಒಪ್ಪಬೇಕಾಗುತ್ತದೆ. ಆ ಸಂಸ್ಕಾರವನ್ನೂ ಹೊಸ ಶಾಲೆಯ ಶಿಕ್ಷಣವನ್ನೂ ಒಂದೇ ದೇಹದಲ್ಲಿ ಪಡೆದಿದ್ದವರು ವೆಂಕಟಪ್ಪನವರು. ಅವರು ಪೀಠದಲ್ಲಿ ಕುಳಿತು ಬೋಧಿಸದೆ ಹೋದುದರಿಂದ ನಾಡಿಗೆ ನಷ್ಟವಾಯಿತು. ಆದರೂ ೧೯೧೪ರ ರೇಖೆಗಳ ಮೂಲಕ ಅವರು ತಾವು ಕಾಣದ ವಿದ್ಯಾರ್ಥಿಗಳಿಗೆ ಪಾಠ ಹೇಳಿದರೆಂಬುದು ಸುಳ್ಳಲ್ಲ.

ಒಟ್ಟಿನಲ್ಲಿ ಹೇಳುವುದಾದರೆ, ವೆಂಕಟಪ್ಪನವರು ವಂಗದೇಶದಿಂದ ಬಂದ ಹೊಸ ಪ್ರವಾಹವಲ್ಲ. ಕನ್ನಡನಾಡಿನ ಹಳೆಯ ಹೊಳೆಯೇ ವಂಗದೇಶವನ್ನು ಮುಟ್ಟಿ ಬಂದದ್ದು. ಆ ಹೊಳೆಯ ಮೇಲುಪಾತ್ರವನ್ನು ಕಾಣಬೇಕಾದರೆ ಸೀಬಿಯ ಛಾವಣಿಯಂತಹ ಸ್ಥಳಗಳಿಗೆ ಹೋಗಬೇಕು; ಈಚಿನ ಪಾತ್ರವನ್ನು ಕಾಣಬೇಕಾದರೆ ೧೯೭೦ರ ದಶಕದಲ್ಲಿ ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿ ಅವರ ಹೆಸರಿನಿಂದ ತೆರೆದ ಚಿತ್ರಶಾಲೆಗೆ ಹೋಗಬೇಕು. ಕುಲದ ಶಿಕ್ಷಣವು ಕಡಿದಮೇಲೆ ಉಳಿದಿರುವ ಗುರುಗಳು ಈ ಕೃತಿಗಳೇ. ಗ್ರಂಥವು ಒಂದು ಪ್ರತಿಯಲ್ಲಿ ನಷ್ಟವಾದರೆ ಮತ್ತೊಂದು ಪ್ರತಿಯಲ್ಲಿ ದೊರೆಯಬಹುದು. ಛಾವಣಿಯ ಚಿತ್ರಕ್ಕೆ ಪ್ರತಿಯಿಲ್ಲ. ತೇವದಿಂದಲೂ ಹೊಗೆಯಿಂದಲೂ ಸುಣ್ಣದಿಂದಲೂ ಅಂತಹ ಚಿತ್ರದ ಒಂದು ಮೊಳವು ಮಾಸಿದರೆ ಒಂದು ಮೊಳದ ಪಾಠವು ಶಾಶ್ವತವಾಗಿ ಮಾಸಿದಂತೆಯೇ. ಕಾವ್ಯಗಳ ಪಾಠಶೋಧನೆಯಲ್ಲಿ ವಿದ್ವಾಂಸರು ತೋರಿರುವ ಶ್ರದ್ಧೆಯು ಈ ವರ್ಣಮಯವಾದ ಪಾಠಗಳಿಗೂ ಸಲ್ಲತಕ್ಕದ್ದು.